ವೀರಗಲ್ಲಿನ ಬಾಣ ಎಷ್ಟು ದೂರ ಹೋಗುತ್ತೆ?

ಹಾಸನ ಸೀಮೆಯ ವೀರಗಲ್ಲುಗಳ ಫೋಟೊಗಳ ಕೆಳಗೆ ಒಂದು ವಿವರಣೆ ಈಗೀಗ ಪದೇ ಪದೇ ಕಾಣುತ್ತಿದೆ. ಕಲ್ಲಿನ ಕೆಳಪಟ್ಟಿಯಲ್ಲಿ ಬಿಲ್ಲು ಎಳೆದು ನಿಂತ ವೀರ, ಅವನ ಕೈಯಲ್ಲಿ ಕಡ್ಡಿಯಂಥ ತೆಳು ಬಾಣ. ಇದು ಬಹುದೂರ ಹೊಡೆಯಲೆಂದೇ ಮಾಡಿದ ಹಗುರ ಬಾಣ, ಹೊಯ್ಸಳರ ಬಿಲ್ಲುಗಾರರು ಅರ್ಧ ಕಿಲೋಮೀಟರಿನಾಚೆಗೂ ಗುರಿ ಇಡುತ್ತಿದ್ದರು ಅಂತ ಬರೆದವರು ತೀರ್ಮಾನ ಕೊಟ್ಟುಬಿಟ್ಟಿರುತ್ತಾರೆ. ಓದಲು ಹೆಮ್ಮೆ ಅನ್ನಿಸುತ್ತೆ, ನಿಜ. ಆದರೆ ಆ ಕಲ್ಲು ಇದನ್ನು ಹೇಳುತ್ತಿದೆಯಾ?

ಈ ಬರಹ ಆ ಓದಿನ ವಿಮರ್ಶೆ. ನನ್ನ ಮಾತು ಇಷ್ಟು: ಕಲ್ಲಿನಲ್ಲಿ ಕೆತ್ತಿದ ಬಾಣದಿಂದ ಬಾಣದ ತೂಕವನ್ನಾಗಲಿ, ಅದು ಹೋದ ದೂರವನ್ನಾಗಲಿ ತೆಗೆಯಲು ಬರುವುದಿಲ್ಲ. ಜಗತ್ತಿನಲ್ಲಿ ಬಾಣದ ದೂರವನ್ನೇ ದಾಖಲಿಸಲು ನಿಲ್ಲಿಸಿದ ಕಲ್ಲುಗಳಿವೆ. ಅವುಗಳ ಜಾತಿಯೇ ಬೇರೆ. ನಮ್ಮ ವೀರಗಲ್ಲು ದೂರದ ದಾಖಲೆಯಲ್ಲ, ಹತ್ತಿರದ ಸಾವಿನ ದಾಖಲೆ. ಅದಕ್ಕೆ ಇಲ್ಲದ ಪ್ರಶ್ನೆ ಕೇಳುತ್ತಾ ಹೋದರೆ, ಅದು ಕೊಡುತ್ತಿರುವ ಉತ್ತರ ಕೈತಪ್ಪುತ್ತೆ.

ಹಗುರ ಬಾಣ ಅಂದರೆ ಏನು

ಮೊದಲು ವಸ್ತುವನ್ನೇ ನೋಡೋಣ. ದೂರಕ್ಕೆ ಬಿಡುವ ಬಾಣ ಯಾಕೆ ಹಗುರ ಇರಬೇಕು? ಬಿಲ್ಲು ಎಳೆದಾಗ ಅದರಲ್ಲಿ ಇಂತಿಷ್ಟು ಶಕ್ತಿ ಕೂಡಿರುತ್ತೆ. ಹೆದೆ ಬಿಟ್ಟಾಗ ಆ ಶಕ್ತಿ ಬಾಣವನ್ನು ಮಾತ್ರ ತಳ್ಳುವುದಿಲ್ಲ, ಬಿಲ್ಲಿನ ತೋಳುಗಳನ್ನೂ ಹೆದೆಯನ್ನೂ ಮುಂದಕ್ಕೆ ಒಯ್ಯಬೇಕು. ಆ ಪಾಲನ್ನು ಬಾಣದ ಜೊತೆ ಸೇರಿದ ಒಂದು ಹೆಚ್ಚುವರಿ ತೂಕ ಅಂತ ಲೆಕ್ಕಕ್ಕೆ ಹಿಡಿಯುವುದು ರೂಢಿ.

ಒಂದು ಕೈಲೆಕ್ಕ ಮಾಡೋಣ. ಇವು ನಾನು ಉದಾಹರಣೆಗೆ ಇಟ್ಟುಕೊಂಡ ಅಂಕಿಗಳು. ಬಿಲ್ಲಿನ ಶಕ್ತಿ 100 ಜೂಲ್, ಬಿಲ್ಲಿನ ಕಡೆಯ ಹೆಚ್ಚುವರಿ ತೂಕ 10 ಗ್ರಾಂ ಅಂದುಕೊಳ್ಳಿ. 60 ಗ್ರಾಂ ಬಾಣ ಸೆಕೆಂಡಿಗೆ ಸುಮಾರು 53 ಮೀಟರ್ ವೇಗದಲ್ಲಿ ಹೊರಡುತ್ತೆ. 30 ಗ್ರಾಂ ಬಾಣಕ್ಕೆ 71 ಮೀಟರ್, 15 ಗ್ರಾಂ ಬಾಣಕ್ಕೆ 89 ಮೀಟರ್ ವೇಗ ಸಿಗುತ್ತೆ. ಗಾಳಿಯ ತಡೆ ಇಲ್ಲ ಅಂತ ಇಟ್ಟುಕೊಂಡು 45 ಡಿಗ್ರಿಯಲ್ಲಿ ಬಿಟ್ಟರೆ ಇವು ಮುಟ್ಟುವ ದೂರ ಕ್ರಮವಾಗಿ 290, 510, 815 ಮೀಟರ್. ಅದೇ ಬಿಲ್ಲು, ಅದೇ ತೋಳು; ತೂಕ ಕಾಲುಭಾಗಕ್ಕೆ ಇಳಿದರೆ ದೂರ ಹೆಚ್ಚುಕಡಿಮೆ ಮೂರರಷ್ಟು.

ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. 60 ಗ್ರಾಂ ಬಾಣ ಹೊರಡುವಾಗ ಹೊತ್ತೊಯ್ಯುವುದು ಸುಮಾರು 86 ಜೂಲ್, 15 ಗ್ರಾಂ ಬಾಣ 60 ಜೂಲ್ ಮಾತ್ರ. ತೂಕ ಮತ್ತು ವೇಗ ಸೇರಿದ ತಳ್ಳುಬಲವಂತೂ ಅರ್ಧಕ್ಕಿಂತ ಕಡಿಮೆ ಆಗುತ್ತೆ. ಮೇಲಾಗಿ ಹಗುರ ವಸ್ತುವನ್ನು ಗಾಳಿ ಬೇಗ ನಿಧಾನಿಸುತ್ತೆ. ಹತ್ತಿಯ ಉಂಡೆ ಎಸೆದು ನೋಡಿದವರಿಗೆಲ್ಲ ಇದು ಗೊತ್ತು. ಹಾಗಾಗಿ ದೂರದ ಬಾಣವನ್ನು ಬರೀ ಹಗುರ ಮಾಡಿದರೆ ಸಾಲದು. ಸಣ್ಣದಾಗಿ, ತೆಳ್ಳಗೆ, ಬಿಟ್ಟಾಗ ಬಾಗದಷ್ಟು ಬಿಗಿಯಾಗಿ ಮಾಡಬೇಕು. ತುರ್ಕಿಯ ಕುಶಲಕರ್ಮಿಗಳು ಇದನ್ನು ನಡು ದಪ್ಪ, ಎರಡು ತುದಿ ಸಪೂರ ಇರುವಂತೆ ಮಾಡಿ, ಗರಿಯನ್ನು ಆದಷ್ಟು ಚಿಕ್ಕದಾಗಿ ಕತ್ತರಿಸಿ ಸಾಧಿಸಿದರು. ಬಾಣ ಬಿಲ್ಲಿನ ಎಳೆತಕ್ಕಿಂತ ಗಿಡ್ಡ ಆಗುತ್ತಿದ್ದ ಕಾರಣ, ಅದು ಒಳಗೆ ಸರಿದರೂ ಕೈಗೆ ಚುಚ್ಚದಂತೆ ಮುಂಗೈ ಮೇಲೆ ಸಿಪೆರ್ ಎಂಬ ಕಾಲುವೆಯಂಥ ಸಣ್ಣ ಹಲಗೆ ಕಟ್ಟಿಕೊಳ್ಳುತ್ತಿದ್ದರು.

ಗಮನಿಸಿ: ಈ ಬಾಣದ ಗುರುತು ಗಿಡ್ಡತನ. ನಮ್ಮ ವಿವರಣೆಗಳಲ್ಲಿ "ತೆಳ್ಳನೆ, ಉದ್ದ" ಅಂತ ಬರೆದು ಅದನ್ನು ದೂರದ ಬಾಣ ಅನ್ನುವುದು ಇಲ್ಲೇ ಎಡವುತ್ತೆ.

ಕಲ್ಲಿನಲ್ಲಿ ಬಾಣದ ದಪ್ಪ ತೀರ್ಮಾನಿಸುವವರು ಯಾರು

ಇನ್ನು ಕೆತ್ತನೆಗೆ ಬರೋಣ. ವೀರಗಲ್ಲಿನ ಪಟ್ಟಿಯಲ್ಲಿ ವೀರನ ಎತ್ತರ 30 ಸೆಂಟಿಮೀಟರ್ ಇದೆ ಅನ್ನಿ. ನಿಜದ ಮನುಷ್ಯ 165 ಸೆಂಟಿಮೀಟರ್ ಅಂದರೆ ಅಳತೆ ಐದೂವರೆ ಪಟ್ಟು ಕುಗ್ಗಿದೆ. ನಿಜದಲ್ಲಿ 8 ಮಿಲಿಮೀಟರ್ ದಪ್ಪದ ಬಾಣ ಈ ಅಳತೆಯಲ್ಲಿ ಒಂದೂವರೆ ಮಿಲಿಮೀಟರ್ ಆಗಬೇಕು. ಗ್ರಾನೈಟಿನ ಕಣಗಳೇ ಎಷ್ಟೋ ಸಲ ಅದಕ್ಕಿಂತ ದೊಡ್ಡವು. ಉಳಿ ಇಟ್ಟು ಸುತ್ತಿಗೆ ಹೊಡೆದರೆ ಒಂದು ಕಣ ಎದ್ದುಬಂದರೂ ಬಾಣ ತುಂಡಾಗುತ್ತೆ. ಅದಕ್ಕೇ ರೂವಾರಿ ಬಾಣವನ್ನು ದಪ್ಪ ಮಾಡುತ್ತಾನೆ. ಅದು 8 ಮಿಲಿಮೀಟರ್ ಅಗಲಕ್ಕೆ ನಿಂತಿತು ಅಂದುಕೊಳ್ಳಿ. ಅದನ್ನು ಮತ್ತೆ ನಿಜದ ಅಳತೆಗೆ ತಂದರೆ ನಾಲ್ಕು ಸೆಂಟಿಮೀಟರಿಗಿಂತ ದಪ್ಪದ ಗಳು! ಅಂಥ ಬಾಣ ಯಾರೂ ಬಿಟ್ಟಿಲ್ಲ.

ಬಳಪದ ಕಲ್ಲಿನ ಕಥೆ ಬೇರೆ. ಗಣಿಯಿಂದ ತೆಗೆದ ಹೊಸತರಲ್ಲಿ ಮೆದು, ಕಣ ನುಣುಪು; ಒಡವೆಯ ಸರವನ್ನೂ ಎಳೆ ಎಳೆಯಾಗಿ ಬಿಡಿಸಬಹುದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯ ಯುದ್ಧದ ಕೆತ್ತನೆಗಳಲ್ಲಿ ಬಾಣಗಳು ಸಪೂರವಾಗಿ ಬರಲು ಕಲ್ಲೇ ಅವಕಾಶ ಕೊಟ್ಟಿದೆ. ಅದೇ ಕಾಲದ, ಅದೇ ಜಿಲ್ಲೆಯ ಗ್ರಾನೈಟ್ ವೀರಗಲ್ಲಿನಲ್ಲಿ ಬಾಣ ಒರಟಾಗಿರುತ್ತೆ. ಗುಡಿಯ ಯೋಧರು ಹಗುರ ಬಾಣ, ಹಳ್ಳಿಯ ವೀರರು ಭಾರದ ಬಾಣ ಬಳಸಿದರು ಅಂತ ಇದರಿಂದ ಹೇಳಬಹುದಾ? ಇಲ್ಲ. ಬದಲಾಗಿರುವುದು ಕಲ್ಲು. ತೆಳು ಬಾಣ ಎಂದರೆ ಹಗುರ ಬಾಣ ಎಂಬ ಸಮೀಕರಣ ಈ ಒಂದು ಹೋಲಿಕೆಗೇ ಬಿದ್ದುಹೋಗುತ್ತೆ.

ಕೋನದ ವಾದವೂ ಇದೆ: ಬಾಣ ಮೇಲ್ಮುಖವಾಗಿದೆ, ಆದ್ದರಿಂದ ದೂರದ ಹೊಡೆತ ಅಂತ. ಮೇಲ್ಮುಖವಾದ ಬಾಣದ ಎದುರಿಗೆ ಯಾರಿದ್ದಾರೆ ಅಂತ ಮೊದಲು ನೋಡಿ. ಕುದುರೆ ಅಥವಾ ಆನೆ ಮೇಲೆ ಕೂತವನಿಗೆ ನೆಲದಲ್ಲಿ ನಿಂತವನು ಗುರಿಯಿಟ್ಟರೆ ಬಾಣ ಮೇಲಕ್ಕೇ ಹೋಗಬೇಕು. ಇನ್ನು ಬಾಣ ನೆಲಕ್ಕೆ ಸಮನಾಗಿದ್ದರೆ ಲೆಕ್ಕ ಇನ್ನೂ ಸುಲಭ. ಹೆಗಲ ಮಟ್ಟ ಸುಮಾರು ಒಂದೂವರೆ ಮೀಟರ್. ಅಲ್ಲಿಂದ ಸಮತಲವಾಗಿ ಹೊರಟ ಯಾವ ವಸ್ತುವೂ ಅರ್ಧ ಸೆಕೆಂಡು ಕಳೆದು ಸ್ವಲ್ಪದರಲ್ಲೇ ನೆಲ ಮುಟ್ಟುತ್ತೆ. ಅಷ್ಟರಲ್ಲಿ ನಮ್ಮ 60 ಗ್ರಾಂ ಬಾಣ ಹೋಗುವುದು 30 ಮೀಟರ್, 15 ಗ್ರಾಂ ಬಾಣ ಹೋಗುವುದು 50 ಮೀಟರ್. ಕೆತ್ತನೆಯನ್ನು ಅಕ್ಷರಶಃ ತೆಗೆದುಕೊಳ್ಳುವುದಾದರೆ ಸಿಗುವ ದೂರ ಇದು. ಅರ್ಧ ಕಿಲೋಮೀಟರ್ ಎಲ್ಲಿಂದ ಬಂತು?

ದೂರವನ್ನು ಬರೆದಿಟ್ಟ ಕಲ್ಲುಗಳು

ಬಾಣ ಹೋದ ದೂರವನ್ನು ಶಾಸನ ಮಾಡಿದ ಜನ ಇದ್ದಾರೆ. ಅವರ ಕಲ್ಲು ಹೇಗಿದೆ ಅಂತ ನೋಡಿದರೆ ನಮ್ಮದು ಏನಲ್ಲ ಅನ್ನುವುದು ಸ್ಪಷ್ಟವಾಗುತ್ತೆ.

ಒಂದು, ಯಿಸುಂಗೆಯ ಕಲ್ಲು. ಸೈಬೀರಿಯಾ ಕಡೆ ಸಿಕ್ಕಿದ್ದು, ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿದೆ. ಕಾಲ ಸುಮಾರು 1225. ನಮ್ಮಲ್ಲಿ ಆಗ ಇಮ್ಮಡಿ ನರಸಿಂಹನ ಆಳ್ವಿಕೆ. ಮಂಗೋಲ್ ಲಿಪಿಯಲ್ಲಿ ಉಳಿದಿರುವ ಅತಿ ಹಳೆಯ ಬರಹಗಳಲ್ಲಿ ಇದೂ ಒಂದು. ಬರೀ ಐದು ಸಾಲು. ಚಂಗೀಸ್ ಖಾನ್ ಖ್ವಾರಜ್ಮ್ ಕಡೆಯ ದಂಡಯಾತ್ರೆ ಮುಗಿಸಿ ಬಂದಾಗ ನೊಯಾನರೆಲ್ಲ ಸೇರಿದ್ದರು. ಅಲ್ಲಿ ಖಾನನ ತಮ್ಮನ ಮಗ ಯಿಸುಂಗೆ 335 ಮಾರು ದೂರಕ್ಕೆ ಬಾಣ ಬಿಟ್ಟ ಅನ್ನುವುದು ಅದರ ಸಾರ. ಚಾಚಿದ ಎರಡು ತೋಳಿನ ನಡುವಿನ ಅಂತರವನ್ನು ನಾವೂ ಮಾರು ಅಂತಲೇ ಅಳೆಯುತ್ತೇವೆ, ಮಾರಿಗೆ 1.6 ಮೀಟರ್ ಹಿಡಿದರೆ 536 ಮೀಟರ್ ಆಯಿತು. ಆ ಕಲ್ಲಿನಲ್ಲಿ ಬಿಲ್ಲೂ ಇಲ್ಲ, ಬಾಣದ ಚಿತ್ರವೂ ಇಲ್ಲ. ಹೆಸರು, ಸಂದರ್ಭ, ಸಂಖ್ಯೆ ಇದೆ.

ಇನ್ನೊಂದು, ಇಸ್ತಾಂಬುಲಿನ ಒಕ್‌ಮೈದಾನ್. ಹೆಸರೇ ಬಾಣದ ಮೈದಾನ ಅಂತ. ಮೈದಾನ ಅನ್ನುವ ಪದ ನಮಗೂ ಅವರಿಗೂ ಒಂದೇ. 1453ರಲ್ಲಿ ನಗರ ಗೆದ್ದ ಮೇಲೆ ಇಮ್ಮಡಿ ಮೆಹಮದ್ ಈ ಬಯಲನ್ನು ಬಿಲ್ಲುಗಾರರಿಗೆ ಬಿಟ್ಟುಕೊಟ್ಟ. ಅಲ್ಲಿ ದಾಖಲೆ ಮುರಿದವನ ಹೆಸರಲ್ಲಿ ಕಲ್ಲು ನಿಲ್ಲಿಸುತ್ತಿದ್ದರು. ಬಾಣ ಬಿಡುವವನು ಕಾಲೂರುವ ಜಾಗಕ್ಕೆ ಒಂದು ಕಲ್ಲು, ಬಾಣ ಬಿದ್ದ ಜಾಗಕ್ಕೆ ಇನ್ನೊಂದು. ಬಾಣ ಬಿದ್ದ ಕಡೆ ಸಾಕ್ಷಿಗಳು ಇರಬೇಕು. ಅಳತೆಗೆ ಗೆಜ್ ಎಂಬ ಮಾನ, ಸುಮಾರು 66 ಸೆಂಟಿಮೀಟರ್. ಪಿಶ್ರೆವ್ ಎಂಬ ಜಾತಿಯ ಹಗುರ ಬಾಣವನ್ನು 900 ಗೆಜ್, ಅಂದರೆ ಸುಮಾರು 594 ಮೀಟರ್ ಮುಟ್ಟಿಸಿದವನಿಗೆ ಮಾತ್ರ ಬಿಲ್ಲುಗಾರ ಅನ್ನಿಸಿಕೊಳ್ಳುವ ಪರವಾನಗಿ. 16ನೇ ಶತಮಾನದ ತೋಜ್‌ಕೊಪರಾನ್ ಇಸ್ಕಂದರನ ಒಂದು ಹೊಡೆತವನ್ನು ಸುಮಾರು 845 ಮೀಟರ್ ಅಂತ ಲೆಕ್ಕ ಹಾಕಿದ್ದಾರೆ. ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ 1934ರಲ್ಲಿ ತುರ್ಕಿ ಬಿಲ್ಗಾರಿಕೆಯ ಬಗ್ಗೆಯೇ ಒಂದು ಪುಸ್ತಕ ಬರೆದ. 2019ರಲ್ಲಿ ಯುನೆಸ್ಕೊ ತುರ್ಕಿಯ ಸಾಂಪ್ರದಾಯಿಕ ಬಿಲ್ಗಾರಿಕೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ಎರಡು ಸಂಗತಿ ನಮಗೆ ಮುಖ್ಯ. ಮೊದಲನೆಯದು, ದೂರದ ದಾಖಲೆ ಆಗಬೇಕಾದರೆ ಕಲ್ಲಿನಲ್ಲಿ ಏನಿರಬೇಕು ಅನ್ನುವುದು: ಬಿಟ್ಟವನ ಹೆಸರು, ಹೊರಟ ಜಾಗ, ಬಿದ್ದ ಜಾಗ, ಅಳತೆಯ ಮಾನ, ನೋಡಿದ ಜನ. ಎರಡನೆಯದು ಇನ್ನೂ ಮುಖ್ಯ. ಹಗುರ ಬಾಣವನ್ನು ಇಷ್ಟು ಬೆಳೆಸಿದ ತುರ್ಕರಲ್ಲಿಯೇ ಅದು ಯುದ್ಧದ ಬಾಣ ಆಗಿರಲಿಲ್ಲ. ಯುದ್ಧಕ್ಕೆ ಭಾರದ ಬಾಣ ಬೇರೆ ಇತ್ತು. ಪಿಶ್ರೆವ್ ಮೈದಾನದ ವಸ್ತು, ಸ್ಪರ್ಧೆಯ ವಸ್ತು. ಹಾಗಿರುವಾಗ ಊರು ಉಳಿಸಲು ಹೋಗಿ ಸತ್ತವನ ಕಲ್ಲಿನಲ್ಲಿ ಸ್ಪರ್ಧೆಯ ಬಾಣ ಹುಡುಕುವುದು ಎಂಥ ತರ್ಕ?

ನಮ್ಮವರಿಗೆ ಅಳೆಯಲು ಬರುತ್ತಿರಲಿಲ್ಲವೇ

"ನಮ್ಮವರೂ ದೂರ ಹೊಡೆದಿರುತ್ತಾರೆ, ಆದರೆ ಅಳತೆ ಬರೆದಿಡುವ ಅಭ್ಯಾಸ ಇರಲಿಲ್ಲ ಅಷ್ಟೆ" ಎಂಬ ಸಮಜಾಯಿಷಿ ಬರಬಹುದು. ಶಾಸನ ಓದಿದವರು ಇದನ್ನು ಒಪ್ಪಲಾರರು. ಅಳತೆಯ ವಿಷಯದಲ್ಲಿ ನಮ್ಮ ಶಾಸನಗಳಷ್ಟು ಕಟ್ಟುನಿಟ್ಟು ಇರುವುದು ಕಡಿಮೆ. ದಾನ ಕೊಟ್ಟ ಗದ್ದೆ ಎಷ್ಟು ಸಲಗೆ, ಎಷ್ಟು ಕೊಳಗ, ಬೆದ್ದಲು ಎಷ್ಟು ಕಂಬ. ಅಳೆದ ಗಳೆ ಯಾವುದು. ಮೂಡಲು, ತೆಂಕಲು, ಪಡುವಲು, ಬಡಗಲು ಎಲ್ಲೆ ಯಾವ ಕಲ್ಲು, ಯಾವ ಹಳ್ಳ, ಯಾವ ಮರ. ವರ್ಷಕ್ಕೆ ಎಷ್ಟು ಗದ್ಯಾಣ. ಎಣ್ಣೆಗಾಣದಿಂದ ದೀಪಕ್ಕೆ ಎಷ್ಟು ಎಣ್ಣೆ ಅನ್ನುವುದನ್ನೂ ಬಿಟ್ಟಿಲ್ಲ. ಬಿ. ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟದ ಯಾವ ಪುಟ ತಿರುವಿದರೂ ಈ ಲೆಕ್ಕಾಚಾರ ಕಣ್ಣಿಗೆ ಬೀಳುತ್ತೆ.

ಆಟದ ವಿಷಯ ಶಾಸನಕ್ಕೆ ಬರುವಂಥದ್ದಲ್ಲ ಅನ್ನುವ ಹಾಗೂ ಇಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೇ ಹೋಗಿ. ಚಿಕ್ಕಬೆಟ್ಟದ ಗಂಧವಾರಣ ಬಸದಿಯ ಬಳಿ ರಾಷ್ಟ್ರಕೂಟ ನಾಲ್ವಡಿ ಇಂದ್ರನ ಶಾಸನ ಇದೆ. 982ರಲ್ಲಿ ಅವನು ಅಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ. ರಾಜ್ಯ ಕಳೆದುಕೊಂಡ ವಂಶದ ಕೊನೆಯವನ ಆ ಶಾಸನ ಅವನ ಚೆಂಡಾಟದ ಪರಿಣತಿಯನ್ನು ವಿವರವಾಗಿ ಹೊಗಳುತ್ತೆ. ಅದು ಪೋಲೊದಂಥ ಆಟ ಅಂತ ವಿದ್ವಾಂಸರು ಗುರುತಿಸಿದ್ದಾರೆ. ಸಾವಿನ ಶಾಸನದಲ್ಲೂ ಆಟಕ್ಕೆ ಜಾಗ ಸಿಕ್ಕಿತು ಅಂದಮೇಲೆ, ಬಾಣದ ದೂರ ಹೆಗ್ಗಳಿಕೆಯ ವಿಷಯವಾಗಿದ್ದಿದ್ದರೆ ಬರೆಯಲು ಏನು ತಡೆ ಇತ್ತು? ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ವಿಷ್ಣುವರ್ಧನನ ಕಾಲದ್ದೇ ಗ್ರಂಥ. ಅರಸನ ವಿನೋದಗಳ ಪಟ್ಟಿಯಲ್ಲಿ ಅದು ಶಸ್ತ್ರವಿನೋದಕ್ಕೆ ಬೇರೆ ಅಧ್ಯಾಯವನ್ನೇ ಕೊಟ್ಟಿದೆ. ಅಂದರೆ ಆಯುಧ ಹಿಡಿದು ಕೈಚಳಕ ತೋರುವುದು ಆ ಕಾಲದ ಸಭೆಗಳಿಗೆ ಹೊಸದಲ್ಲ.

ಅಳೆಯಲು ಬರುತ್ತಿತ್ತು, ಆಟವನ್ನು ಬರೆಯಲೂ ಬರುತ್ತಿತ್ತು. ಆದರೂ ವೀರಗಲ್ಲಿನಲ್ಲಿ ಬಾಣದ ದೂರ ಬರೆಯಲಿಲ್ಲ. ಇದು ಮರೆವಲ್ಲ, ಆಯ್ಕೆ. ಆ ಕಲ್ಲಿಗೆ ಅದು ವಿಷಯವೇ ಅಲ್ಲ.

ತಾಕಿದ ಮೇಲೆ ಏನಾಗುತ್ತೆ ಅನ್ನುವುದೇ ಲೆಕ್ಕ

ಹಾಗಾದರೆ ನಮ್ಮ ಕಡೆ ಬಾಣವನ್ನು ಹೇಗೆ ವಿಂಗಡಿಸುತ್ತಿದ್ದರು? ಇದಕ್ಕೆ ಉತ್ತರ ಇರುವ ಹಳೆಯ ಪಟ್ಟಿಯನ್ನು ಲೋಕದ ಮುಂದಿಟ್ಟವರು ನಮ್ಮ ಜಿಲ್ಲೆಯವರೇ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಆಯುಧಾಗಾರದ ಅಧ್ಯಕ್ಷನ ಕೆಲಸ ಹೇಳುವ ಅಧ್ಯಾಯ ಇದೆ. ಬಿಲ್ಲು ತಾಳೆ, ಬಿದಿರು, ಮರ, ಕೊಂಬು ಹೀಗೆ ಮಾಡುವ ವಸ್ತುವಿನಿಂದ ವಿಂಗಡಣೆ. ಬಾಣಗಳ ಪಟ್ಟಿಯಲ್ಲಿ ಬಿದಿರಿನದು ಮೊದಲು, ಆಮೇಲೆ ಶರ, ಕೊನೆಗೆ ನಾರಾಚ. ಬಾಣದ ಮೊನೆ ಕಬ್ಬಿಣದ್ದು, ಮೂಳೆಯದು, ಮರದ್ದು. ಕೆಲಸ ಕತ್ತರಿಸುವುದು, ತೂರುವುದು, ಬಡಿಯುವುದು.

ಈ ಪಟ್ಟಿಯನ್ನು ಎಂಜಿನಿಯರ್ ಕಣ್ಣಿಂದ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತೆ. ಹಗುರ, ಭಾರ ಎರಡೂ ಇದರಲ್ಲಿವೆ. ಶರ ಎಂದರೆ ಮೂಲದಲ್ಲಿ ಜೊಂಡಿನ ಜಾತಿಯ ಹುಲ್ಲು, ಹಗುರದ ಕಡ್ಡಿ. ನಾರಾಚ ಎಂದರೆ ಪೂರ್ತಿ ಕಬ್ಬಿಣ, ಭಾರದ ತುತ್ತತುದಿ. ಆದರೆ ಮೊನೆಗಳನ್ನು ಬೇರ್ಪಡಿಸುವಾಗ "ದೂರಕ್ಕೆ, ಹತ್ತಿರಕ್ಕೆ" ಎಂಬ ವಿಭಾಗ ಇಲ್ಲ. ಮುಟ್ಟಿದ ಮೇಲೆ ಕತ್ತರಿಸುತ್ತಾ, ತೂರುತ್ತಾ, ಬಡಿಯುತ್ತಾ ಅನ್ನುವುದೇ ವಿಭಾಗ. ಉಗ್ರಾಣದವನಿಗೆ ಬೇಕಾದದ್ದು ಅದು.

ನಮ್ಮ ಬಿಲ್ಲಿನ ಕಥೆಗಳೂ ಇದೇ ದಾರಿ ಹಿಡಿದಿವೆ. ಶಿವಧನುಸ್ಸು ಮುರಿದದ್ದು ತೋಳಿನ ಪರೀಕ್ಷೆ. ದ್ರೋಣ ಮರದ ಮೇಲಿನ ಹಕ್ಕಿ ತೋರಿಸಿದ್ದು ಕಣ್ಣಿನ ಪರೀಕ್ಷೆ. ಮತ್ಸ್ಯಯಂತ್ರ ಭೇದಿಸಿದ್ದೂ ಗುರಿಯ ಪರೀಕ್ಷೆಯೇ. ಅಲ್ಲಿ ಮೀನು ತಲೆಯ ಮೇಲೇ ತಿರುಗುತ್ತಿದೆ, ನೂರಾರು ಮೀಟರ್ ದೂರದಲ್ಲಿಲ್ಲ. ಹೊಯ್ಸಳ ರೂವಾರಿಗಳು ಆ ದೃಶ್ಯವನ್ನು ಇಷ್ಟಪಟ್ಟು ಕೆತ್ತಿದರು. ಬಾಣ ಎಷ್ಟು ದೂರ ಬಿತ್ತು ಅಂತ ಹೆಜ್ಜೆ ಎಣಿಸುವ ದೃಶ್ಯಕ್ಕೆ ಈ ಪರಂಪರೆಯಲ್ಲಿ ಅಂಥ ಮರ್ಯಾದೆ ಇಲ್ಲ.

ಆತಕೂರಿನ ಕಲ್ಲು ಕಲಿಸುವ ಪಾಠ

ದೂರ ಮತ್ತು ಹತ್ತಿರದ ನಡುವೆ ಮಾನ ಯಾವುದಕ್ಕೆ ಸಿಗುತ್ತಿತ್ತು ಅನ್ನಲು ಒಂದೇ ಉದಾಹರಣೆ ಸಾಕು. ಇದಕ್ಕಾಗಿ ಹಾಸನದಿಂದ ಸ್ವಲ್ಪ ಮೂಡಲಿಗೆ, ಮಂಡ್ಯ ಜಿಲ್ಲೆಗೆ ಹೋಗಬೇಕು. ಕಾಳಿ ಎಂಬ ನಾಯಿ ಹಂದಿಯ ಜೊತೆ ಹೋರಾಡಿ ಸತ್ತದ್ದಕ್ಕೆ ಪ್ರಸಿದ್ಧವಾದ ಆತಕೂರಿನ ಶಾಸನ ಎಲ್ಲರಿಗೂ ಗೊತ್ತು, ಕಾಲ 949–50. ಅದೇ ಕಲ್ಲಿನಲ್ಲಿ ತಕ್ಕೋಲದ ಯುದ್ಧದ ಪ್ರಸ್ತಾಪ ಇದೆ. ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಹೇಗೆ ಕೊಂದ? ಆ ಸಾಲಿನ ಓದಿನ ಬಗ್ಗೆ ವಿದ್ವಾಂಸರಲ್ಲಿ ಹಳೆಯ ಜಗಳ ಇದೆ. ಅಪ್ಪಿಕೊಂಡು ಮೋಸದಿಂದ ಇರಿದ ಅಂತ ಒಂದು ಓದು, ಆನೆಯ ಮೇಲಿನ ಅಂಬಾರಿಯನ್ನೇ ರಣಭೂಮಿ ಮಾಡಿಕೊಂಡು ಇರಿದ ಅಂತ ಇನ್ನೊಂದು. ಯಾವುದನ್ನೇ ಒಪ್ಪಿ, ಎರಡರಲ್ಲೂ ಆಯುಧ ಸುರಿಗೆ, ಅಂತರ ಕೈಯಳತೆ.

ಈಗ ಚೋಳರ ಕಡೆಯ ಮಾತು ಕೇಳಿ. ಲೈಡನ್ ತಾಮ್ರಪಟಗಳ ಪ್ರಕಾರ ರಾಜಾದಿತ್ಯ ಆನೆಯ ಮೇಲಿದ್ದಾಗ ಕೃಷ್ಣರಾಜನ ಹರಿತವಾದ ಬಾಣಗಳು ಎದೆಗೆ ನಾಟಿ ಸ್ವರ್ಗಕ್ಕೆ ಹೋದ. ಸಾವು ಒಂದೇ, ದಾಖಲೆ ಎರಡು. ಗೆದ್ದವರ ಕಲ್ಲು ಸುರಿಗೆ ಅನ್ನುತ್ತೆ, ಸೋತವರ ತಾಮ್ರಪಟ ಬಾಣ ಅನ್ನುತ್ತೆ. ಸೋತವರ ಕಡೆಗೆ ರಾಜನ ಬಾಣದಿಂದ ಬಂದ ಸಾವು ಒಪ್ಪಿಕೊಳ್ಳಬಹುದಾದದ್ದು. ಗೆದ್ದವನ ಕಲ್ಲಿಗೆ ಬೇಕಾದದ್ದು ಮೈಗೆ ಮೈ ತಾಗುವಷ್ಟು ಹತ್ತಿರ ಹೋದವನ ಎದೆಗಾರಿಕೆ. ಕನ್ನಡದ ಈ ಕಲ್ಲು ಹತ್ತಿರವನ್ನು ಹೊಗಳುತ್ತಿದೆ, ದೂರವನ್ನಲ್ಲ.

ಊರಿನ ವೀರಗಲ್ಲುಗಳಿಗೂ ಇದೇ ಸ್ವಭಾವ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಪದಗಳು ನೆನಪಿದೆಯಲ್ಲ. ದನ ಹೊಡೆದುಕೊಂಡು ಹೋದರು, ಊರು ಸುಟ್ಟರು, ಹೆಂಗಸರ ಮೇಲೆ ಕೈ ಮಾಡಿದರು. ಇವ ಅಡ್ಡ ನಿಂತ, ಸತ್ತ. ಊರು ಅವನ ಮನೆಯವರಿಗೆ ನೆತ್ತರುಗೊಡಗೆ ಕೊಟ್ಟಿತು. ಬಿಲ್ಲು ಹಿಡಿದವನು ಇಲ್ಲಿ ದೂರದಿಂದ ಸುರಕ್ಷಿತವಾಗಿ ಹೊಡೆದವನಲ್ಲ. ಹಾಗೆ ಹೊಡೆದು ಮನೆಗೆ ವಾಪಸು ಬಂದಿದ್ದರೆ ಅವನಿಗೆ ಈ ಕಲ್ಲೇ ಇರುತ್ತಿರಲಿಲ್ಲ.

ಹಾಗಾದರೆ ಏನು ನೋಡಬೇಕು

ದೂರ ಬಿಡುವ ಬಿಲ್ಲುಗಾರರು ನಮ್ಮಲ್ಲಿ ಇರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬಿದಿರು ಬೆಳೆಯುವ ಸೀಮೆಯ ಹುಡುಗರು ಯಾರ ಬಾಣ ಕೆರೆಯಾಚೆ ಹೋಗುತ್ತೆ ಅಂತ ಪಂದ್ಯ ಕಟ್ಟದೇ ಇರುತ್ತಾರಾ? ನನ್ನ ತಕರಾರು ಸಾಕ್ಷಿಯ ಬಗ್ಗೆ. ವೀರಗಲ್ಲು ಅದಕ್ಕೆ ಸಾಕ್ಷಿಯಲ್ಲ.

ಇದರಿಂದ ಯಾರಿಗೆ ಏನು ನಷ್ಟ ಅನ್ನಬಹುದು. ನಷ್ಟ ಇದೆ. ಫೋಟೊದ ಕೆಳಗೆ ಇವತ್ತು ಹಾಕಿದ ಮಾತು ನಾಳೆ ಊರಿನ ಬೋರ್ಡಿಗೆ ಹೋಗುತ್ತೆ, ನಾಡಿದ್ದು ಶಾಲೆಯ ಮಕ್ಕಳ ನೋಟ್‌ಬುಕ್ಕಿಗೆ. ಬಿಲ್ಲು ಚೆನ್ನಾಗಿ ಕಾಣಲಿ ಅಂತ ಕೆಳಪಟ್ಟಿಯನ್ನಷ್ಟೇ ಕತ್ತರಿಸಿ ಹಾಕಿದ ಫೋಟೊದಲ್ಲಿ ಪಟ್ಟಿಗಳ ನಡುವಿನ ಅಕ್ಷರದ ಸಾಲು ಕಾಣೆಯಾಗುತ್ತೆ. ಕಲ್ಲು ಮುಂದೊಂದು ದಿನ ರಸ್ತೆ ಕೆಲಸಕ್ಕೋ ಕೆರೆ ಏರಿ ಕೆಲಸಕ್ಕೋ ಸಿಕ್ಕಿ ಹೋದರೆ, ಸತ್ತವನ ಹೆಸರು ಹೋಗಿ "ಅರ್ಧ ಕಿಲೋಮೀಟರ್" ಮಾತ್ರ ಉಳಿಯುತ್ತೆ. ಅವನ ಸಾವಿಗೆ ಇದು ನ್ಯಾಯವಲ್ಲ.

ಅದಕ್ಕೆ ಬಿಲ್ಲಿರುವ ವೀರಗಲ್ಲು ಸಿಕ್ಕಾಗ ಹೀಗೆ ಮಾಡಿ ಅನ್ನುತ್ತೇನೆ. ಕಲ್ಲು ಬಳಪದ್ದೋ ಗ್ರಾನೈಟೋ ಬರೆದುಕೊಳ್ಳಿ. ಬಾಣದ ದಪ್ಪದ ಮಾತು ಅದಾದ ಮೇಲೆ. ವೀರನ ಎತ್ತರ, ಬಿಲ್ಲಿನ ಎತ್ತರ, ಬಾಣದ ಉದ್ದ, ಎದುರಾಳಿಗೆ ಇರುವ ಅಂತರ, ಈ ನಾಲ್ಕನ್ನು ಟೇಪಿನಿಂದ ಅಳೆಯಿರಿ. ಬಿಲ್ಲು ವೀರನ ಕೈಯಲ್ಲಿದೆಯೋ ಶತ್ರುವಿನ ಕೈಯಲ್ಲಿದೆಯೋ ನೋಡಿ. ಎಷ್ಟೋ ವಿವರಣೆಗಳು ಇಲ್ಲೇ ಅದಲು ಬದಲಾಗಿವೆ. ವೀರನ ಮೈಯಲ್ಲಿ ನಾಟಿದ ಬಾಣ ಇದೆಯಾ, ಸೊಂಟದಲ್ಲಿ ಸುರಿಗೆ ಅಥವಾ ಕತ್ತಿ ಇದೆಯಾ, ಬತ್ತಳಿಕೆ ಬೆನ್ನಿಗಿದೆಯೋ ಸೊಂಟಕ್ಕಿದೆಯೋ ಗುರುತಿಸಿ. ಹಿನ್ನೆಲೆಯಲ್ಲಿ ದನಗಳಿದ್ದರೆ ಎಣಿಸಿ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ಪೂರ್ತಿ ಕಲ್ಲಿನ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಅಕ್ಷರ ಕಾಣಲಿ ಅಂತ ಸುಣ್ಣ, ಎಣ್ಣೆ, ಬಣ್ಣ ಏನನ್ನೂ ಬಳಿಯಬೇಡಿ.

ಸಾಲಗಾಮೆ ಕಡೆಯ ಹಳ್ಳಿಗಳಿಂದ ಹಿಡಿದು ಹೊಳೆನರಸೀಪುರ, ಅರಕಲಗೂಡಿನ ಹೊಳೆದಂಡೆಯವರೆಗೆ ಊರಬಾಗಿಲಲ್ಲೋ ಕೆರೆ ಏರಿ ಪಕ್ಕದಲ್ಲೋ ಇಂಥ ಕಲ್ಲುಗಳು ನಿಂತಿವೆ. ಒಂದೊಂದು ಕಲ್ಲಿನ ಈ ಏಳೆಂಟು ವಿವರ ಒಂದೇ ನಮೂನೆಯಲ್ಲಿ ಸೇರಿದರೆ, ಬಿಲ್ಲು ಯಾವ ಕಾಲದಲ್ಲಿ ಯಾರ ಕೈಯಲ್ಲಿತ್ತು, ಯಾವ ಬಗೆಯ ಜಗಳಕ್ಕೆ ಹೊರಬರುತ್ತಿತ್ತು ಅನ್ನುವ ಪ್ರಶ್ನೆಗೆ ಗಟ್ಟಿ ಉತ್ತರ ಕಟ್ಟಬಹುದು. ಆ ಉತ್ತರಕ್ಕೆ ಒಕ್‌ಮೈದಾನಿನ ದಾಖಲೆಯ ಜೊತೆ ಪೈಪೋಟಿ ಬೇಕಿಲ್ಲ. ಅವರ ಕಲ್ಲು ಬಾಣ ಬಿದ್ದ ಜಾಗದಲ್ಲಿ ನಿಂತಿದೆ. ನಮ್ಮದು ಮನುಷ್ಯನೊಬ್ಬ ಬಿದ್ದದ್ದಕ್ಕೆ ನಿಂತಿದೆ. ವಿವರಣೆ ಬರೆಯುವಾಗ ಮೊದಲು ಅವನ ಹೆಸರು ಓದಿ, ಬಾಣ ಆಮೇಲೆ.